ಗುಂಪೇ ಯೊಕೊಯಿ: ಕಣ್ಣಿಗೆ ಕಾಣುವ ಆಟವನ್ನು ಕೊಟ್ಟವರು

ಕಳೆದ ಬೇಸಗೆಯ ರಜದಲ್ಲಿ ನನ್ನ ಅಕ್ಕ ನನಗೊಂದು ಕೆಲಸ ಒಪ್ಪಿಸಿದಳು. ಅವಳ ಮಗನಿಗೆ ಆಗ ಏಳು ವರ್ಷ ತುಂಬುವುದರಲ್ಲಿತ್ತು. ಹುಟ್ಟುಹಬ್ಬಕ್ಕೆ ಕೈಯಲ್ಲಿ ಹಿಡಿದು ಆಡುವ ಆಟದ ಯಂತ್ರವೊಂದನ್ನು ಕೊಡಿಸುವುದಾಗಿ ಅವಳು ಮಗನಿಗೆ ಮಾತು ಕೊಟ್ಟಿದ್ದಳು. ಹುಡುಗನಿಗೆ ಹಿಂದಿನ ವರ್ಷವೇ ಕನ್ನಡಕ ಬಂದಿದೆ. ತಾಯಿಯ ಫೋನನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಆಡುವ ಅಭ್ಯಾಸ ಅವನದು. ಆ ಫೋನನ್ನು ಬಿಡಿಸಬೇಕು, ಆದರೆ ಆಟವನ್ನು ತಪ್ಪಿಸಬಾರದು ಎಂಬುದು ಅಕ್ಕನ ಹಂಬಲ. ಹೊಲಿಗೆಯ ಯಂತ್ರ ತುಳಿದು ಕೂಡಿಟ್ಟ ಹಣವನ್ನು ಎಣಿಸಿ ನನ್ನ ಕೈಗೆ ಹಾಕಿದಳು. ಕಾಲೇಜಿನಲ್ಲಿ ಓದುವ ತಮ್ಮನಿಗೆ ಇಂಥದೆಲ್ಲ ತಿಳಿದೇ ಇರುತ್ತದೆಂದು ಅವಳ ನಂಬಿಕೆ. ನಾನೋ ಇತಿಹಾಸದ ವಿದ್ಯಾರ್ಥಿ. ಆದರೂ ತಿಳಿಯದೆಂದು ಒಪ್ಪಿಕೊಳ್ಳುವಷ್ಟು ದೊಡ್ಡ ಮನಸ್ಸು ನನಗೆ ಆ ದಿನ ಬರಲಿಲ್ಲ.

ಪೇಟೆಯ ಅಂಗಡಿಯೊಂದಕ್ಕೆ ಹೋದೆ. ಗಾಜಿನ ಕಪಾಟಿನಲ್ಲಿ ಹತ್ತಾರು ಯಂತ್ರಗಳು ಮಿನುಗುತ್ತಿದ್ದುವು. ಅವುಗಳಲ್ಲಿ ಯಾವುದು ಹೆಚ್ಚು ಥಳಥಳಿಸುತ್ತಿತ್ತೋ, ಯಾವುದರ ಡಬ್ಬಿಯ ಮೇಲೆ ಹೆಚ್ಚು ಆಟಗಳ ಲೆಕ್ಕ ಬರೆದಿತ್ತೋ ಅದನ್ನೇ ಆರಿಸಿ ತಂದೆ. ಮನೆಗೆ ಬಂದು ಜಗಲಿಯ ಬಿಸಿಲಿನಲ್ಲಿ ನೋಡುತ್ತೇವೆ, ಪರದೆಯ ಮೇಲೆ ಆಟವಿಲ್ಲ, ನಮ್ಮ ಮುಖಗಳಿವೆ! ಒಳಗೆ ನೆರಳಿಗೆ ಬಂದರೆ ಚಿತ್ರವೇನೋ ಕಾಣಿಸಿತು. ಅಕ್ಷರಗಳು ಮಾತ್ರ ಸಾಸಿವೆ ಕಾಳಿನಂತಿದ್ದುವು. ಹುಡುಗ ಕನ್ನಡಕವನ್ನು ಹಣೆಗೇರಿಸಿ ಯಂತ್ರವನ್ನು ಮತ್ತೆ ಮೂಗಿನ ಹತ್ತಿರಕ್ಕೇ ತಂದ. ಮರುದಿನ ಅದನ್ನು ಹಿಂದಿರುಗಿಸಲು ಹೋದಾಗ ಅಂಗಡಿಯವರು ತೆಗೆದುಕೊಂಡರು, ಆದರೆ ಹಣದಲ್ಲಿ ಒಂದು ಪಾಲನ್ನು ಮುರಿದುಕೊಂಡರು. ಅಕ್ಕ ಒಂದು ಮಾತನ್ನೂ ಆಡಲಿಲ್ಲ. ಆಡಿದ್ದರೆ ನನಗೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲವೇನೋ.

ಒಂದು ವಸ್ತು ಅರ್ಥವಾಗದಿದ್ದರೆ ಅದನ್ನು ಮೊದಲು ಮಾಡಿದವನಾರು, ಏಕೆ ಹಾಗೆ ಮಾಡಿದ ಎಂದು ಹುಡುಕುವುದು ನಮ್ಮ ಇತಿಹಾಸ ತರಗತಿಯಲ್ಲಿ ಕಲಿತ ಪಾಠ. ಉಳಿದ ಹಣವನ್ನು ಖರ್ಚು ಮಾಡುವ ಮುನ್ನ ನಾನು ಆ ಪಾಠವನ್ನು ನೆನೆದೆ. ಹೀಗೆ ಹುಡುಕುತ್ತ ಹೋದಾಗ ನನಗೆ ಪರಿಚಯವಾದ ಮಹನೀಯರೇ ಜಪಾನಿನ ಗುಂಪೇ ಯೊಕೊಯಿಯವರು. ಮಕ್ಕಳ ಆಟಿಕೆಯನ್ನು ಮಾಡಿದವರ ಚರಿತ್ರೆ ಕಾಲೇಜಿನ ವಾರ್ಷಿಕ ಸಂಚಿಕೆಗೆ ತಕ್ಕುದೇ ಎಂದು ಯಾರಾದರೂ ಕೇಳಬಹುದು. ಓದಿದ ಮೇಲೆ ಅವರೇ ತೀರ್ಮಾನಿಸಲಿ.

ಯೊಕೊಯಿಯವರು 1941ರ ಸೆಪ್ಟೆಂಬರ್ 10ರಂದು ಕ್ಯೋಟೋ ನಗರದಲ್ಲಿ ಹುಟ್ಟಿದರು. ಬಹುಕಾಲ ಜಪಾನಿನ ರಾಜಧಾನಿಯಾಗಿದ್ದು, ದೇವಾಲಯಗಳಿಗೂ ಕುಶಲಕರ್ಮಗಳಿಗೂ ಹೆಸರಾದ ಊರು ಅದು. ಅಲ್ಲಿನ ದೋಷಿಶಾ ವಿಶ್ವವಿದ್ಯಾನಿಲಯದಲ್ಲಿಯೇ ಅವರು ವಿದ್ಯುತ್ ಶಾಸ್ತ್ರವನ್ನು ಓದಿ ಪದವಿ ಪಡೆದರು. ಮೊದಲ ದರ್ಜೆಯಲ್ಲಿ ಮಿಂಚಿದ ವಿದ್ಯಾರ್ಥಿಯೇನಲ್ಲ. ದೊಡ್ಡ ದೊಡ್ಡ ವಿದ್ಯುತ್ ಕಂಪೆನಿಗಳಲ್ಲಿ ಅವರಿಗೆ ಕೆಲಸ ಸಿಗಲಿಲ್ಲ. ಕೊನೆಗೆ 1965ರಲ್ಲಿ ತಮ್ಮ ಊರಿನಲ್ಲಿಯೇ ಇದ್ದ ನಿಂಟೆಂಡೊ ಎಂಬ ಕಂಪೆನಿಯನ್ನು ಸೇರಿದರು.

ನಿಂಟೆಂಡೊ ಎಂದರೆ ಇಂದು ಜಗತ್ತಿಗೆಲ್ಲ ಆಟದ ಯಂತ್ರಗಳು ನೆನಪಾಗುತ್ತವೆ. ಅಂದು ಹಾಗಿರಲಿಲ್ಲ. 1889ರಲ್ಲಿ ಆರಂಭವಾದ ಆ ಕಂಪೆನಿ ತಯಾರಿಸುತ್ತಿದ್ದುದು ಇಸ್ಪೀಟಿನ ಎಲೆಗಳನ್ನು. ನಮ್ಮ ಮೈಸೂರಿನ ಗಂಜೀಫದಂತೆ ಜಪಾನೀಯರಿಗೂ ಹನಫುದ ಎಂಬ ಚಿತ್ರದ ಎಲೆಗಳ ಆಟವುಂಟು. ಎಲೆಗಳ ಮೇಲೆ ಹನ್ನೆರಡು ತಿಂಗಳ ಹೂಗಿಡಗಳ ಚಿತ್ರಗಳು. ಆ ಎಲೆಗಳನ್ನು ಮಾಡುವ ಯಂತ್ರಗಳು ಕೆಡದಂತೆ ನೋಡಿಕೊಳ್ಳುವುದು ಯೊಕೊಯಿಯವರ ಕೆಲಸ. ಯಂತ್ರಗಳು ದಿನವೂ ಕೆಡುವುದಿಲ್ಲವಷ್ಟೆ. ಬಿಡುವು ಹೆಚ್ಚು. ಬಿಡುವಿನ ವೇಳೆಯಲ್ಲಿ ಅವರು ಕಾರ್ಖಾನೆಯ ಲೇತಿನ ಮುಂದೆ ನಿಂತು ತಮ್ಮ ಸಂತೋಷಕ್ಕಾಗಿ ಒಂದು ಆಟಿಕೆ ಮಾಡಿಕೊಂಡರು. ಅಂಗಡಿಗಳ ಮುಂದೆ ಎಳೆದರೆ ಹಿಗ್ಗುವ, ತಳ್ಳಿದರೆ ಕುಗ್ಗುವ ಕಬ್ಬಿಣದ ಜಾಲರಿ ಬಾಗಿಲನ್ನು ನೀವು ನೋಡಿದ್ದೀರಿ. ಅದೇ ಬಗೆಯ ಜಾಲರಿ, ತುದಿಯಲ್ಲಿ ಹಿಡಿಯುವ ಎರಡು ಬೆರಳು. ಹಿಡಿಯನ್ನು ಒತ್ತಿದರೆ ಕೈ ಉದ್ದವಾಗಿ ದೂರದ ವಸ್ತುವನ್ನು ಹಿಡಿದು ತರುತ್ತಿತ್ತು.

ಇದು ಕಂಪೆನಿಯ ಅಧ್ಯಕ್ಷರಾದ ಹಿರೋಷಿ ಯಮೌಚಿಯವರ ಕಣ್ಣಿಗೆ ಬಿದ್ದಿತು. ಕೆಲಸದ ಹೊತ್ತಿನಲ್ಲಿ ಆಟವಾಡಿದ್ದಕ್ಕೆ ಬೈಗುಳ ಕಾದಿದೆಯೆಂದು ಯೊಕೊಯಿ ಎಣಿಸಿದ್ದರು. ಅಧ್ಯಕ್ಷರು ಅವರನ್ನು ಕೊಠಡಿಗೆ ಕರೆಸಿ ಅದನ್ನು ಮಾರುವ ಸರಕನ್ನಾಗಿ ಮಾಡುವಂತೆ ಆಜ್ಞೆ ಮಾಡಿದರು. 1966ರಲ್ಲಿ ಆ ಆಟಿಕೆ ಅಲ್ಟ್ರಾ ಹ್ಯಾಂಡ್ ಎಂಬ ಹೆಸರಿನಲ್ಲಿ ಹೊರಬಂದು ಹತ್ತು ಲಕ್ಷಕ್ಕೂ ಮಿಕ್ಕಿ ಮಾರಾಟವಾಯಿತು. ಯಂತ್ರಗಳಿಗೆ ಎಣ್ಣೆ ಹಾಕುತ್ತಿದ್ದ ತರುಣ ಆಟಿಕೆಗಳ ವಿನ್ಯಾಸಕಾರನಾದ.

ಮುಂದಿನ ವರ್ಷಗಳಲ್ಲಿ ಅವರು ಮಾಡಿದ ಆಟಿಕೆಗಳನ್ನೆಲ್ಲ ಇಲ್ಲಿ ಎಣಿಸುವುದು ಬೇಡ. 1969ರ ಲವ್ ಟೆಸ್ಟರ್ ಒಂದನ್ನು ಹೇಳಿದರೆ ಸಾಕು. ಇಬ್ಬರು ಕೈ ಕೈ ಹಿಡಿದು, ಉಳಿದ ಕೈಗಳಲ್ಲಿ ಒಂದೊಂದು ಲೋಹದ ಗುಂಡನ್ನು ಹಿಡಿದರೆ ಅವರ ಒಲವನ್ನು ಅಳೆದು ಮುಳ್ಳು ತೋರಿಸುತ್ತಿತ್ತು. ನಿಜವಾಗಿ ಅದು ಅಳೆಯುತ್ತಿದ್ದುದು ಮೈಯಲ್ಲಿ ಹರಿಯುವ ಅಲ್ಪ ವಿದ್ಯುತ್ತನ್ನು. ವಿದ್ಯುತ್ ಅಳೆಯುವ ಮಾಪಕ ಪ್ರತಿ ಪ್ರಯೋಗಶಾಲೆಯಲ್ಲಿಯೂ ಇದ್ದ ಹಳೆಯ ವಸ್ತು. ಅದನ್ನು ಹೀಗೂ ಬಳಸಬಹುದೆಂದು ಹೊಳೆದದ್ದು ಮಾತ್ರ ಹೊಸತು. ಯೊಕೊಯಿಯವರ ಜೀವಿತದ ತತ್ತ್ವವೆಲ್ಲ ಈ ಒಂದು ಆಟಿಕೆಯಲ್ಲಿ ಅಡಗಿದೆ ಎಂದು ನನಗೆ ತೋರುತ್ತದೆ. ಹೊಚ್ಚ ಹೊಸ ವಿದ್ಯೆಯ ಬೆನ್ನು ಹತ್ತಬಾರದು. ಅದು ದುಬಾರಿ, ಅದರ ದೋಷಗಳು ಇನ್ನೂ ತಿಳಿದಿರುವುದಿಲ್ಲ. ಬಳಸಿ ಬಳಸಿ ಹಣ್ಣಾದ, ಅಗ್ಗವಾದ, ಗುಣದೋಷಗಳೆರಡೂ ಗೊತ್ತಿರುವ ವಿದ್ಯೆಯನ್ನು ತೆಗೆದುಕೊಂಡು ಅದಕ್ಕೆ ಯಾರೂ ನೆನೆಯದ ಹೊಸ ಉಪಯೋಗವನ್ನು ಹುಡುಕಬೇಕು. ಒಣಗಿದ ವಿದ್ಯೆಯನ್ನು ಅಡ್ಡಹಾದಿಯಿಂದ ಆಲೋಚಿಸುವುದು ಎಂಬ ಅರ್ಥದ ಹೆಸರನ್ನು ಅವರು ಇದಕ್ಕೆ ಕೊಟ್ಟಿದ್ದರು.

ಕೈಯಲ್ಲಿ ಹಿಡಿಯುವ ಆಟದ ಯಂತ್ರವೂ ಈ ಅಡ್ಡಹಾದಿಯಿಂದಲೇ ಬಂದುದು. 1970ರ ದಶಕದಲ್ಲಿ ಲೆಕ್ಕ ಮಾಡುವ ಕ್ಯಾಲ್ಕುಲೇಟರುಗಳ ಕಂಪೆನಿಗಳು ಒಂದರೊಡನೊಂದು ಸ್ಪರ್ಧಿಸಿ ಬೆಲೆಯನ್ನು ಇಳಿಸುತ್ತ ಹೋದುವು. ಅವುಗಳಲ್ಲಿ ಅಂಕಿಗಳನ್ನು ತೋರಿಸುವ ದ್ರವಸ್ಫಟಿಕದ ಪರದೆ, ಅಂದರೆ ನಾವು ಎಲ್‌ಸಿಡಿ ಎನ್ನುವುದು, ಬಹಳ ಅಗ್ಗವಾಯಿತು. ಆ ದಿನಗಳಲ್ಲಿ ಒಮ್ಮೆ ಯೊಕೊಯಿ ಷಿಂಕಾನ್ಸೆನ್ ವೇಗದ ರೈಲಿನಲ್ಲಿ ಪ್ರಯಾಣ ಮಾಡುತ್ತಿದ್ದರು. ಪಕ್ಕದಲ್ಲೊಬ್ಬ ನೌಕರಸ್ಥ ಬೇಸರ ಕಳೆಯಲಾರದೆ ಕ್ಯಾಲ್ಕುಲೇಟರಿನ ಗುಂಡಿಗಳನ್ನು ಸುಮ್ಮನೆ ಒತ್ತುತ್ತ ಕುಳಿತಿದ್ದ. ದೊಡ್ಡವರೂ ಯಾರಿಗೂ ಕಾಣದಂತೆ ಮಡಿಲಲ್ಲಿ ಹಿಡಿದು ಆಡಬಹುದಾದ ಒಂದು ಪುಟ್ಟ ಆಟವಿದ್ದರೆ ಹೇಗೆ ಎಂದು ಅವರಿಗೆ ಹೊಳೆಯಿತು.

ಹೊಳೆದುದು ಕಾರ್ಯಕ್ಕೆ ಬಂದ ಬಗೆಯೂ ಸ್ವಾರಸ್ಯವಾಗಿದೆ. ಒಂದು ದಿನ ಅಧ್ಯಕ್ಷರ ಕಾರಿನ ಚಾಲಕ ಬರಲಿಲ್ಲ. ಅದು ಎಡಬದಿಗೆ ಚಕ್ರವಿದ್ದ ವಿದೇಶೀ ಕಾರು. ಅಂಥದನ್ನು ನಡೆಸಬಲ್ಲವರು ಯೊಕೊಯಿ. ಚಾಲಕನ ಕೆಲಸಕ್ಕೆ ತಮ್ಮನ್ನು ಕರೆದರಲ್ಲ ಎಂದು ಅವರಿಗೆ ಒಳಗೊಳಗೇ ಬೇಸರ. ಕೇವಲ ಚಾಲಕನಂತೆ ಕುಳಿತಿರುವುದು ಬೇಡವೆಂದು ದಾರಿಯಲ್ಲಿ ತಮ್ಮ ಪುಟ್ಟ ಆಟದ ವಿಚಾರವನ್ನು ಪ್ರಸ್ತಾಪಿಸಿದರು. ಅಧ್ಯಕ್ಷರು ಹೂಂಗುಟ್ಟಿ ಸುಮ್ಮನಾದರು. ಅಂದಿನ ಸಭೆಯಲ್ಲಿ ಅಧ್ಯಕ್ಷರ ಪಕ್ಕದ ಆಸನ ಸಿಕ್ಕಿದ್ದು ಕ್ಯಾಲ್ಕುಲೇಟರು ತಯಾರಿಸುವ ಶಾರ್ಪ್ ಕಂಪೆನಿಯ ಮುಖ್ಯಸ್ಥರಿಗೆ! ಕೆಲವೇ ದಿನಗಳಲ್ಲಿ ಆ ಕಂಪೆನಿಯವರು ನಿಂಟೆಂಡೊದ ಬಾಗಿಲಿಗೆ ಬಂದರು. 1980ರ ಏಪ್ರಿಲ್ 28ರಂದು ಗೇಮ್ ಅಂಡ್ ವಾಚ್ ಮಾಲಿಕೆಯ ಮೊದಲ ಯಂತ್ರ ಮಾರುಕಟ್ಟೆಗೆ ಬಂದಿತು. ಒಂದು ಯಂತ್ರದಲ್ಲಿ ಒಂದೇ ಆಟ, ಜೊತೆಗೆ ಒಂದು ಗಡಿಯಾರ. ಮೊದಲನೆಯದರಲ್ಲಿ ಪುಟ್ಟ ಮನುಷ್ಯನೊಬ್ಬ ಚೆಂಡುಗಳನ್ನು ನೆಲಕ್ಕೆ ಬೀಳದಂತೆ ಎಸೆದು ಹಿಡಿಯುತ್ತಿದ್ದ. ಈ ಮಾಲಿಕೆ ಜಗತ್ತಿನಾದ್ಯಂತ 4 ಕೋಟಿಗೂ ಹೆಚ್ಚು ಮಾರಾಟವಾಯಿತು.

ಇಲ್ಲಿಯೇ ಅವರಿಗೆ ಪರದೆಯ ಮೊದಲ ತೊಂದರೆ ಎದುರಾದುದು. ಪರದೆಯೂ ಅದರ ಮೇಲಿನ ಹಾಳೆಯೂ ಒಂದಕ್ಕೊಂದು ತಾಗಿದಾಗ, ನೀರಿನ ಮೇಲೆ ಎಣ್ಣೆ ಬಿದ್ದಂತೆ ಬಣ್ಣದ ಉಂಗುರಗಳು ಮೂಡಿ ಚಿತ್ರವನ್ನು ಕೆಡಿಸುತ್ತಿದ್ದುವು. ಭೌತಶಾಸ್ತ್ರದ ಮಿತ್ರರು ಇವನ್ನು ನ್ಯೂಟನ್ನನ ಉಂಗುರಗಳೆಂದು ಬಲ್ಲರು. ಕಣ್ಣಿಗೆ ಕಾಣದಷ್ಟು ಸಣ್ಣ ಉಬ್ಬುಗಳನ್ನು ಮೂಡಿಸಿ ಎರಡರ ನಡುವೆ ಕೂದಲೆಳೆಯಷ್ಟೂ ಇಲ್ಲದ ಅಂತರ ಉಳಿಯುವಂತೆ ಮಾಡಿ ಆ ದೋಷವನ್ನು ನೀಗಿಸಿದರು. ಆಡುವವನಿಗೆ ಇದಾವುದೂ ತಿಳಿಯದು. ಅವನಿಗೆ ಚಿತ್ರ ಶುಭ್ರವಾಗಿ ಕಾಣುತ್ತದೆ, ಅಷ್ಟೆ.

1982ರಲ್ಲಿ ಇದೇ ಮಾಲಿಕೆಯ ಡಾಂಕಿ ಕಾಂಗ್ ಯಂತ್ರಕ್ಕಾಗಿ ಅವರು ಕೂಡು ಗುರುತಿನ ಆಕಾರದ ಗುಂಡಿಯೊಂದನ್ನು ರೂಪಿಸಿದರು. ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಯಾವ ಕಡೆ ಹೆಬ್ಬೆರಳು ಒತ್ತಿದೆಯೆಂದು ಚರ್ಮಕ್ಕೇ ತಿಳಿಯುತ್ತದೆ, ಗುಂಡಿಯನ್ನು ನೋಡಬೇಕಾಗಿಲ್ಲ. ಕಣ್ಣು ಪರದೆಯ ಮೇಲೆಯೇ ಇರಬಹುದು. ಇಂದಿಗೂ ಹೆಚ್ಚಿನ ಆಟದ ಯಂತ್ರಗಳಲ್ಲಿ ಎಡಗಡೆ ಈ ಗುಂಡಿ ಇದ್ದೇ ಇರುತ್ತದೆ.

ಇನ್ನು ಅವರ ಹೆಸರನ್ನು ಶಾಶ್ವತಗೊಳಿಸಿದ ಗೇಮ್ ಬಾಯ್ ಯಂತ್ರದ ವಿಚಾರ. ಒಂದೇ ಆಟದ ಬದಲು ಬೇರೆ ಬೇರೆ ಆಟಗಳ ಬಿಲ್ಲೆಗಳನ್ನು ಸಿಕ್ಕಿಸಿ ಆಡಬಹುದಾದ ಯಂತ್ರವನ್ನು ಅವರ ವಿಭಾಗ 1980ರ ದಶಕದ ಕೊನೆಯಲ್ಲಿ ಸಿದ್ಧಪಡಿಸುತ್ತಿತ್ತು. ಸತೋರು ಒಕಾಡರಂಥ ಸಮರ್ಥ ಸಹಾಯಕರು ಜೊತೆಗಿದ್ದರು. ಮಾದರಿಯನ್ನು ಅಧ್ಯಕ್ಷರ ಮುಂದಿಟ್ಟ ದಿನ ಮಾತ್ರ ಅನಾಹುತವಾಯಿತು. ಯಂತ್ರವನ್ನು ಮಾಡಿದವರು ಅದನ್ನು ನೇರವಾಗಿ ಹಿಡಿದು ನೋಡಿ ನೋಡಿ ಅಭ್ಯಾಸವಾದವರು. ಅಧ್ಯಕ್ಷರು ಸ್ವಲ್ಪ ಓರೆಯಾಗಿ ನೋಡಿದರು. ಅವರಿಗೆ ಏನೂ ಕಾಣಿಸಲಿಲ್ಲ. ಕಾಣದ ಪರದೆಯ ಯಂತ್ರವನ್ನು ಮಾರುವುದು ಬೇಡವೆಂದುಬಿಟ್ಟರು. ಪರದೆಯ ತಯಾರಿಕೆಗೆ ಶಾರ್ಪ್ ಕಂಪೆನಿಯಲ್ಲಿ ಸಿದ್ಧತೆ ಆಗಲೇ ನಡೆದಿತ್ತು. ಯೊಕೊಯಿಯವರಿಗೆ ಆ ದಿನಗಳು ಬಹಳ ಕಷ್ಟದ ದಿನಗಳಾದುವು. ಕೊನೆಗೆ ಓರೆಯಿಂದ ನೋಡಿದರೂ ಚಿತ್ರ ಮಾಸದ ಇನ್ನೊಂದು ಬಗೆಯ ದ್ರವಸ್ಫಟಿಕದ ಪರದೆ ದೊರೆಯಿತು. ಬಣ್ಣ ಹಸುರು ಮಿಶ್ರಿತ ಹಳದಿಯಾದರೂ ಚಿಂತೆಯಿಲ್ಲವೆಂದು ಅದನ್ನೇ ಹಾಕಿದರು.

ಅಂಗಡಿಯಲ್ಲಿ ನಾನು ಮಾಡಿದ ತಪ್ಪು ಈ ಪ್ರಸಂಗ ಓದುವಾಗಲೇ ನನಗೆ ಹೊಳೆದುದು. ನಾನು ಯಂತ್ರವನ್ನು ನನ್ನ ಕಣ್ಣಿನಿಂದ, ನೇರವಾಗಿ, ಅಂಗಡಿಯ ದೀಪದಲ್ಲಿ ನೋಡಿದ್ದೆ. ಆಡುವವನು ನೋಡುವಂತೆ ನೋಡಿರಲಿಲ್ಲ.

1989ರ ಏಪ್ರಿಲ್ 21ರಂದು ಗೇಮ್ ಬಾಯ್ ಜಪಾನಿನಲ್ಲಿ ಬಿಡುಗಡೆಯಾಯಿತು. ಬೆಲೆ 12,500 ಯೆನ್. ಪರದೆಯಲ್ಲಿ ಅಡ್ಡಲಾಗಿ 160, ಉದ್ದವಾಗಿ 144 ಚುಕ್ಕೆಗಳು; ನಾಲ್ಕೇ ಛಾಯೆಗಳು. ಒಳಗೆ ದೀಪವಿಲ್ಲ. ಎಡಮಗ್ಗುಲಿಗೆ ಒಂದು ಪುಟ್ಟ ಚಕ್ರ. ಅದನ್ನು ತಿರುಗಿಸಿ ಆಡುವವನು ತನ್ನ ಕಣ್ಣಿಗೆ ಹೊಂದುವಂತೆ ಚಿತ್ರದ ಕಪ್ಪನ್ನು ಹೆಚ್ಚು ಕಡಿಮೆ ಮಾಡಿಕೊಳ್ಳಬಹುದು. ಅದೇ ವರ್ಷ ಅಮೆರಿಕದ ಅಟಾರಿ ಕಂಪೆನಿ ಲಿಂಕ್ಸ್ ಎಂಬ ಯಂತ್ರವನ್ನೂ, ಮರುವರ್ಷ ಜಪಾನಿನ ಸೆಗಾ ಕಂಪೆನಿ ಗೇಮ್ ಗೇರ್ ಎಂಬುದನ್ನೂ ತಂದುವು. ಅವೆರಡರಲ್ಲಿಯೂ ಬಣ್ಣದ ಚಿತ್ರ, ಹಿಂಬದಿಯಿಂದ ಬೆಳಕು. ಅಂಗಡಿಯಲ್ಲಿ ಮೂರನ್ನೂ ಸಾಲಾಗಿ ಇಟ್ಟರೆ ಗೇಮ್ ಬಾಯ್ ಮದುವೆಮನೆಯಲ್ಲಿ ಮಾಸಿದ ಪಂಚೆಯುಟ್ಟವನಂತೆ ಕಾಣುತ್ತಿದ್ದಿರಬೇಕು.

ಆದರೆ ಲೆಕ್ಕ ನೋಡಿ. ಬಣ್ಣದ ಯಂತ್ರಗಳು ಆರಾರು ಪೆನ್ಸಿಲ್ ಸೆಲ್ಲುಗಳನ್ನು ನಾಲ್ಕೈದು ಗಂಟೆಗಳಲ್ಲಿ ನುಂಗುತ್ತಿದ್ದುವು. ಗೇಮ್ ಬಾಯ್ ನಾಲ್ಕೇ ಸೆಲ್ಲುಗಳಲ್ಲಿ ಹದಿನೈದು ಗಂಟೆಗೂ ಮೀರಿ ನಡೆಯುತ್ತಿತ್ತು. ಬೆಲೆಯೂ ಅಮೆರಿಕದಲ್ಲಿ ಲಿಂಕ್ಸ್‌ನ ಅರ್ಧದಷ್ಟು. ಕೈ ಜಾರಿ ಬಿದ್ದರೂ ಬೇಗ ಕೆಡುತ್ತಿರಲಿಲ್ಲ. ಸೆಲ್ಲು ಮುಗಿದು ಕಪ್ಪಾದ ಬಣ್ಣದ ಪರದೆಗಿಂತ ನಡೆಯುತ್ತಿರುವ ಮಂದ ಪರದೆ ಮಗುವಿಗೆ ಮೇಲಲ್ಲವೆ? ಎದುರಾಳಿಯ ಯಂತ್ರ ಬಣ್ಣದ್ದೆಂದು ಕೇಳಿದಾಗ ಯೊಕೊಯಿ ಗಾಬರಿಯಾಗಲಿಲ್ಲ, ಬದಲಿಗೆ ನೆಮ್ಮದಿ ತಾಳಿದರಂತೆ.

ಬಣ್ಣದ ಬಗೆಗೆ ಅವರ ವಿಚಾರ ಮಾಸ್ತರರು ಹೇಳಿದಷ್ಟು ಸರಳವಾಗಿತ್ತು. ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಿಂದ ಎರಡು ವೃತ್ತ ಬರೆದು ಅದು ಹಿಮದ ಗೊಂಬೆ ಎಂದರೆ ನೋಡಿದವರೆಲ್ಲರಿಗೂ ಹಿಮದ ಬಿಳುಪು ತಾನಾಗಿ ಕಾಣುತ್ತದೆ. ಆಟದಲ್ಲಿ ಮನಸ್ಸು ತೊಡಗಿತೆಂದರೆ ಬಣ್ಣವನ್ನು ಮನಸ್ಸೇ ತುಂಬಿಕೊಳ್ಳುತ್ತದೆ. ಆದುದರಿಂದ ಆಟ ಚೆನ್ನಾಗಿರಬೇಕು, ಚಿತ್ರ ಏನೆಂದು ತಿಳಿಯಬೇಕು. ಮಿಕ್ಕಿದ್ದಕ್ಕೆ ಮಗುವಿನ ಜೇಬನ್ನು ಬರಿದುಮಾಡುವುದು ಸಲ್ಲ. ಲಿಂಕ್ಸ್ ಮತ್ತು ಗೇಮ್ ಗೇರ್ ಯಂತ್ರಗಳು ಕೆಲವು ವರ್ಷಗಳಲ್ಲಿ ಅಂಗಡಿಗಳಿಂದ ಮರೆಯಾದುವು. ಗೇಮ್ ಬಾಯ್, ಅದರ ನಂತರ ಬಂದ ಬಣ್ಣದ ಆವೃತ್ತಿಯೂ ಸೇರಿ, 11 ಕೋಟಿ 80 ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು.

ಹೀಗೆಂದು ಆ ಪರದೆ ನಿರ್ದೋಷವಾಗಿತ್ತೆಂದು ನಾನು ಹೇಳಲಾರೆ. ಗುಣವನ್ನು ಮಾತ್ರ ಹಾಡುವುದು ಭಟ್ಟಂಗಿತನ. ವೇಗವಾಗಿ ಓಡುವ ಚಿತ್ರ ಅದರಲ್ಲಿ ನೆರಳಿನಂತೆ ಕಲಸಿಹೋಗುತ್ತಿತ್ತು. ಸಂಜೆಯಾಯಿತೆಂದರೆ ಮಕ್ಕಳು ದೀಪದ ಬುಡಕ್ಕೆ ಸರಿಯಬೇಕಾಗಿತ್ತು. ಪರದೆಗೆ ಹಚ್ಚುವ ಪುಟ್ಟ ದೀಪಗಳೂ ಭೂತಗನ್ನಡಿಗಳೂ ಪ್ರತ್ಯೇಕವಾಗಿ ಮಾರಾಟವಾದುವು. 1990ರ ದಶಕದಲ್ಲಿ ನಮ್ಮ ಜಾತ್ರೆಗಳಲ್ಲಿ ಮಾರುತ್ತಿದ್ದ ಬ್ರಿಕ್ ಗೇಮನ್ನು ಬಲ್ಲವರಿಗೆ ಇದು ಗೊತ್ತು. ನಮ್ಮ ಚಿಕ್ಕಪ್ಪನದೊಂದು ಇಂದಿಗೂ ಅಟ್ಟದ ಮೇಲಿನ ಟ್ರಂಕಿನಲ್ಲಿದೆ. ಬೂದು ಪರದೆ, ಕಪ್ಪು ಇಟ್ಟಿಗೆಗಳು. ಅಂಗಳದ ಬಿಸಿಲಿನಲ್ಲಿ ಹಿಡಿದರೆ ಒಂದೊಂದು ಇಟ್ಟಿಗೆಯೂ ಅಚ್ಚುಹಾಕಿದಂತೆ ಕಾಣುತ್ತದೆ. ಕತ್ತಲಾದರೆ ಮುಗಿಯಿತು.

ಯೊಕೊಯಿಯವರ ಬಾಳಿನ ದೊಡ್ಡ ಸೋಲು ಬಂದುದೂ ಕಣ್ಣಿನ ವಿಚಾರದಲ್ಲಿಯೇ. 1995ರ ಜುಲೈ 21ರಂದು ಅವರ ವರ್ಚುವಲ್ ಬಾಯ್ ಎಂಬ ಯಂತ್ರ ಹೊರಬಂದಿತು. ಮೇಜಿನ ಮೇಲಿಟ್ಟ ಅದರೊಳಗೆ, ಬಯಾಸ್ಕೋಪಿನ ಪೆಟ್ಟಿಗೆಯಲ್ಲಿ ಇಣುಕುವಂತೆ, ಎರಡು ಕಣ್ಣನ್ನೂ ಇಟ್ಟು ನೋಡಬೇಕು. ಚಿತ್ರಕ್ಕೆ ಹತ್ತಿರ ದೂರಗಳ ಆಳ ಬರುತ್ತಿತ್ತು. ಬಣ್ಣ ಮಾತ್ರ ಕಪ್ಪಿನ ಮೇಲೆ ಕೆಂಪು. ಕೆಂಪು ಬೆಳಕಿನ ಪುಟ್ಟ ದೀಪಗಳು ಆಗ ಅಗ್ಗವಾಗಿ ದೊರೆಯುತ್ತಿದ್ದುವು. ಅಗ್ಗದ ವಿದ್ಯೆಗೆ ಹೊಸ ಉಪಯೋಗ ಎಂಬ ಹಳೆಯ ಸೂತ್ರವೇ ಇಲ್ಲಿಯೂ ಇತ್ತು. ಆದರೆ ಈ ಬಾರಿ ನೋಡುವವನ ಸುಖ ತಪ್ಪಿಹೋಯಿತು. ಆಡಿದವರು ಕಣ್ಣುನೋವು, ತಲೆನೋವು ಎಂದು ದೂರಿದರು. ಏಳು ವರ್ಷಕ್ಕಿಂತ ಚಿಕ್ಕ ಮಕ್ಕಳು ಆಡಕೂಡದೆಂದು ಯಂತ್ರದೊಡನೆಯೇ ಎಚ್ಚರಿಕೆ ಕೊಡಬೇಕಾಯಿತು. ಎಂಟು ಲಕ್ಷವೂ ಮಾರಾಟವಾಗದೆ ಒಂದು ವರ್ಷದೊಳಗೆ ಅದರ ಕಥೆ ಮುಗಿಯಿತು.

ಸೋತ ಮೇಲೂ ಅವರು ಕೈಕಟ್ಟಿ ಕೂರಲಿಲ್ಲ. 1996ರ ಜುಲೈನಲ್ಲಿ ಗೇಮ್ ಬಾಯ್ ಪಾಕೆಟ್ ಬಂದಿತು. ಹಳೆಯದಕ್ಕಿಂತ ಸಣ್ಣದು, ಹಗುರ. ಹಸುರು ಹೋಗಿ ಕಪ್ಪು ಬಿಳುಪಿನ ಪರದೆ. ಚಿತ್ರ ಕಲಸುವುದು ಕಡಿಮೆ. ತಮ್ಮದೇ ಯಂತ್ರದ ದೋಷವನ್ನು ತಾವೇ ತಿದ್ದಿದ ಮೇಲೆ, ಆ ವರ್ಷದ ಆಗಸ್ಟಿನಲ್ಲಿ ಮೂವತ್ತೊಂದು ವರ್ಷ ದುಡಿದ ಕಂಪೆನಿಯನ್ನು ಬಿಟ್ಟರು. ಸೋಲಿನ ಕಾರಣದಿಂದ ಹೊರದಬ್ಬಿಸಿಕೊಂಡರೆಂದು ಕೆಲವರು ಬರೆದರು. ಐವತ್ತು ದಾಟಿದ ಮೇಲೆ ಸ್ವತಂತ್ರವಾಗಿ ಕೆಲಸ ಮಾಡಬೇಕೆಂಬುದು ತಮ್ಮ ಹಳೆಯ ಆಸೆಯೆಂದು ಅವರು ತಿಳಿಸಿದ್ದಾರೆ.

ಕ್ಯೋಟೋದಲ್ಲಿಯೇ ಕೋಟೋ ಎಂಬ ಚಿಕ್ಕ ಕಂಪೆನಿಯನ್ನು ಕಟ್ಟಿ, ಬಂದೈ ಕಂಪೆನಿಗಾಗಿ ಹೊಸದೊಂದು ಕೈಯಾಟದ ಯಂತ್ರದ ಕೆಲಸದಲ್ಲಿ ತೊಡಗಿದರು. ಅದು ಒಂದೇ ಒಂದು ಪೆನ್ಸಿಲ್ ಸೆಲ್ಲಿನಲ್ಲಿ ನಡೆಯತಕ್ಕದ್ದು. ಅಡ್ಡಲಾಗಿಯೂ ಉದ್ದವಾಗಿಯೂ ಹಿಡಿದು ಆಡತಕ್ಕದ್ದು. ಅದು ಪೂರ್ಣವಾಗುವುದನ್ನು ನೋಡುವ ಭಾಗ್ಯ ಅವರಿಗಿರಲಿಲ್ಲ. 1997ರ ಅಕ್ಟೋಬರ್ 4ರಂದು ಇಷಿಕಾವಾ ಪ್ರಾಂತದ ಹೊಕುರಿಕು ಹೆದ್ದಾರಿಯಲ್ಲಿ ಅವರು ಹೋಗುತ್ತಿದ್ದ ಕಾರು ಮುಂದಿನ ವಾಹನಕ್ಕೆ ತಗುಲಿತು. ಏನಾಗಿದೆಯೆಂದು ನೋಡಲು ಕೆಳಗಿಳಿದರು. ಹಿಂದಿನಿಂದ ಬಂದ ಇನ್ನೊಂದು ಕಾರು ಅವರಿಗೆ ಬಡಿಯಿತು. ಆಗ ಅವರಿಗೆ ಐವತ್ತಾರು ವರ್ಷ. ವಂಡರ್‌ಸ್ವಾನ್ ಎಂಬ ಹೆಸರಿನ ಆ ಯಂತ್ರ 1999ರ ಮಾರ್ಚ್ 4ರಂದು 4,800 ಯೆನ್ ಬೆಲೆಗೆ ಬಿಡುಗಡೆಯಾಯಿತು. ಅದರ ಜೊತೆಗೆ ಬಂದ ಒಂದು ಆಟಕ್ಕೆ ಗುಂಪೇ ಎಂದೇ ಹೆಸರಿಟ್ಟರು. 2003ರಲ್ಲಿ ಆಟಗಳನ್ನು ರಚಿಸುವವರ ಅಂತರರಾಷ್ಟ್ರೀಯ ಸಂಘ ಜೀವಮಾನದ ಸಾಧನೆಗಾಗಿ ಅವರಿಗೆ ಮರಣೋತ್ತರ ಗೌರವ ಸಲ್ಲಿಸಿತು.

ಅವರ ಕಂಪೆನಿಯೂ ಪರದೆಯ ಪಾಠವನ್ನು ಮತ್ತೆ ಮತ್ತೆ ಕಲಿಯಬೇಕಾಯಿತು. 2001ರ ಗೇಮ್ ಬಾಯ್ ಅಡ್ವಾನ್ಸ್‌ಗೆ ದೀಪವಿರಲಿಲ್ಲ, ಬಣ್ಣಗಳು ಮಂಕಾಗಿ ಕಂಡು ಜನ ಗೊಣಗಿದರು. 2003ರ ಎಸ್‌ಪಿ ಮಾದರಿಗೆ ದೀಪ ಬಂದಿತು. 2009ರಲ್ಲಿ ಡಿಎಸ್‌ಐ ಎಕ್ಸ್‌ಎಲ್ ಎಂಬ ಮಡಿಚುವ ಯಂತ್ರಕ್ಕೆ 4.2 ಅಂಗುಲದ ಎರಡು ದೊಡ್ಡ ಪರದೆಗಳನ್ನು ಕೊಟ್ಟು, ಪಕ್ಕದಲ್ಲಿ ಕುಳಿತವರಿಗೂ ಓರೆಯಿಂದ ಚಿತ್ರ ಕಾಣುವಂತೆ ಮಾಡಿದರು. ಅಂದು ಓರೆಯಿಂದ ನೋಡಿ ಏನೂ ಕಾಣದೆ ಹೋದ ಅಧ್ಯಕ್ಷರನ್ನು ನಾನು ಇದನ್ನು ಓದುವಾಗ ನೆನೆದೆ.

ಇಷ್ಟು ತಿಳಿದ ಮೇಲೆ ನಾನು ಎರಡನೆಯ ಬಾರಿ ಯಂತ್ರ ಹುಡುಕಲು ಹೊರಟೆ. ಈ ಸಲ ಹುಡುಗನನ್ನೂ ಕರೆದುಕೊಂಡು ಹೋದೆ. ಯಂತ್ರವನ್ನು ಅವನ ಕೈಗೆ ಕೊಟ್ಟು, ಮೊಣಕೈಯಷ್ಟು ದೂರದಲ್ಲಿ ಹಿಡಿಸಿ, ಕನ್ನಡಕ ಸರಿಸದೆ ಪರದೆಯ ಮೇಲಿನ ಅಕ್ಷರಗಳನ್ನು ಗಟ್ಟಿಯಾಗಿ ಓದಿಸಿದೆ. ಅವನು ತೊದಲಿದರೆ ಆ ಯಂತ್ರ ಬೇಡ. ಬಾಗಿಲಿನ ಹೊರಗೆ ಬೆಳಕಿನಲ್ಲಿ ಒಮ್ಮೆ, ಒಳಗೆ ನೆರಳಿನಲ್ಲಿ ಒಮ್ಮೆ, ಓರೆಯಾಗಿ ಒಮ್ಮೆ ನೋಡಿದೆ. ಬೆಳಕನ್ನು ಹೆಚ್ಚು ಕಡಿಮೆ ಮಾಡಲು ಬರುತ್ತದೆಯೇ, ಒಮ್ಮೆ ವಿದ್ಯುತ್ ತುಂಬಿದರೆ ಎಷ್ಟು ಹೊತ್ತು ನಡೆಯುತ್ತದೆ ಎಂದು ಕೇಳಿದೆ. ಎಷ್ಟು ಆಟಗಳಿವೆಯೆಂದು ಕೇಳಲಿಲ್ಲ. ಅಂಗಡಿಯ ಹುಡುಗ ನನ್ನನ್ನು ಕಣ್ಣಿನ ವೈದ್ಯನೆಂದೇ ತಿಳಿದನೋ ಏನೋ.

ಹೊಸ ಯಂತ್ರಗಳಲ್ಲಿ ಚೆನ್ನಾಗಿ ಕಾಣುವವು ಅಕ್ಕನ ಉಳಿದ ಹಣಕ್ಕೆ ನಿಲುಕಲಿಲ್ಲ. ಕೊನೆಗೆ ಒಬ್ಬರು ಬಳಸಿ ಬಿಟ್ಟಿದ್ದ ಡಿಎಸ್‌ಐ ಎಕ್ಸ್‌ಎಲ್ ಒಂದು ದೊರೆಯಿತು. ತಯಾರಿಕೆ ನಿಂತು ಎಷ್ಟೋ ವರ್ಷವಾದ ಹಳೆಯ ಯಂತ್ರ. ಮೈಮೇಲೆ ಒಂದೆರಡು ಗೀರುಗಳೂ ಇವೆ. ಸುಡುಬಿಸಿಲಿನಲ್ಲಿ ಅದರ ಚಿತ್ರವೂ ಮಸಕೇ. ಆದರೆ ಜಗಲಿಯ ನೆರಳಿನಲ್ಲಿ ಅಕ್ಷರಗಳು ಸ್ಫುಟವಾಗಿ ಕಾಣುತ್ತವೆ. ಸಂಜೆ ಹುಡುಗ ಕಂಬಕ್ಕೆ ಒರಗಿ, ಯಂತ್ರವನ್ನು ಮಡಿಲಿನಲ್ಲಿಟ್ಟುಕೊಂಡು ಆಡುತ್ತಾನೆ. ಮಡಿಲಿನಲ್ಲಿ, ಮೂಗಿನ ಹತ್ತಿರವಲ್ಲ. ಅರ್ಧ ಗಂಟೆಯಾದ ಕೂಡಲೆ ಅಕ್ಕ ಮುಚ್ಚಿಡುವಂತೆ ಕೂಗುತ್ತಾಳೆ. ಇನ್ನೊಂದೇ ಒಂದು ಸುತ್ತು ಎಂದು ಅವನು ಬೇಡುತ್ತಾನೆ. ಹೊಲಿಗೆ ನಿಲ್ಲಿಸಿ ಅಕ್ಕ ಪಕ್ಕದಲ್ಲಿ ಬಂದು ಕುಳಿತು, ಆ ಕೊನೆಯ ಸುತ್ತನ್ನು ತಾನೂ ನೋಡುತ್ತಾಳೆ. ಓರೆಯಾಗಿ ಕುಳಿತವಳಿಗೂ ಅದು ಚೆನ್ನಾಗಿ ಕಾಣುತ್ತದೆ.

ನಾನು ಕಳೆದ ಅವಳ ಹಣವನ್ನು ಈ ಲೇಖನ ಬರೆಯುವ ಹೊತ್ತಿಗೆ ಇನ್ನೂ ಪೂರ್ತಿ ತೀರಿಸಿಲ್ಲ. ವಿದ್ಯಾರ್ಥಿವೇತನ ಬಂದೊಡನೆ ತೀರಿಸಬೇಕೆಂದಿದ್ದೇನೆ.